ನೀಲಗಿರಿ ಕಡಿದ ಹೊಲದಲ್ಲಿ ಉಳಿದ ಟೊಂಗೆ, ತಪ್ಪಲು: ಸುಡಬೇಕಾ, ಬಿಡಬೇಕಾ?

ಪ್ರಶ್ನೆ: ನಾವು ಹಾನಗಲ್ ತಾಲೂಕಿನವರು. ನಾಲ್ಕು ಎಕರೆ ಮಸಾರಿ (ಕೆಂಪು ಮಣ್ಣಿನ) ಭೂಮಿ, ಸ್ವಲ್ಪ ಇಳಿಜಾರು ಇದೆ. ಹಳೇ ನೀಲಗಿರಿ ತೋಪು ಇತ್ತು, ಜನವರಿಯಲ್ಲಿ ಕಡಿಸಿದೆವು. ಗುತ್ತಿಗೆದಾರರು ದಿಮ್ಮಿ ಒಯ್ದರು. ತುದಿ, ಟೊಂಗೆ, ಸಿಪ್ಪೆ, ತಪ್ಪಲು ಎಲ್ಲಾ ಅಲ್ಲೇ ಬಿಟ್ಟು ಹೋಗಿದ್ದಾರೆ. ಕೆಲವು ಕಡೆ ಮೊಣಕಾಲು ಮಟ ಬಿದ್ದಿದೆ. ಮಾವನವರು ‘ಬೆಂಕಿ ಹಚ್ಚಿ ಮುಗಿಸ್ರಿ’ ಅಂತಾರೆ. ಹೊರದೇಶದ ಪೈನ್ ಕಾಡಿನಲ್ಲೂ ರಾಶಿ ಹಾಕಿ ಸುಡ್ತಾರೆ ಅಂತ ಮಗ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಒಂದೂವರೆ ಎಕರೆಯಲ್ಲಿ ಮಾವು ಹಚ್ಚಿ, ಉಳಿದದ್ದನ್ನು ಕೂಳೆ (ಬೊಡ್ಡೆಯಿಂದ ಮತ್ತೆ ಚಿಗುರಿ ಬೆಳೆಯಲು) ಬಿಡಬೇಕು ಅಂತ ಇದೆ. ಏನು ಮಾಡೋದು, ದಯವಿಟ್ಟು ತಿಳಿಸಿ.

ಉತ್ತರ: ಅಕ್ಕಾರೇ, ನಮಸ್ಕಾರ. ಮೊದಲು ನೇರ ಉತ್ತರ ಹೇಳಿಬಿಡ್ತೇನೆ. ಹೊಲಕ್ಕೆ ಬೆಂಕಿ ಹಚ್ಚಬೇಡಿ. ತಪ್ಪಲು, ಸಿಪ್ಪೆ, ಬೆರಳು ದಪ್ಪದ ಕಡ್ಡಿ ಹೊಲದಲ್ಲೇ ಇರಲಿ. ಮಣಿಕಟ್ಟಿಗಿಂತ ದಪ್ಪ ಇರೋದನ್ನು ಕಟ್ಟಿಗೆಗೆ ತೆಗೆಯಿರಿ. ನಡುವಿನ ದಪ್ಪದ್ದನ್ನು ಇಳಿಜಾರಿಗೆ ಅಡ್ಡಲಾಗಿ ಸಾಲು ಹಾಕಿ. ಇದೆಲ್ಲಕ್ಕಿಂತ ಮೊದಲು, ಈ ವಾರವೇ, ಹೊಲದ ಸುತ್ತ ಬೆಂಕಿ ಪಟ್ಟಿ ಮಾಡಿಸಿ. ಮನೆಯಲ್ಲಿ ಮಾವನವರನ್ನು ಒಪ್ಪಿಸಬೇಕಾದವರು ನೀವು. ಅದಕ್ಕೇ ಕಾರಣಗಳನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮಗ ನೋಡಿದ ವಿಡಿಯೋದಿಂದ ಶುರು ಮಾಡೋಣ. ಅವನು ಹೇಳಿದ್ದು ಸುಳ್ಳಲ್ಲ. ಕೆನಡಾದಲ್ಲಿ, ಅಮೆರಿಕದ ಪಶ್ಚಿಮ ಭಾಗದಲ್ಲಿ ಪೈನ್, ಸ್ಪ್ರೂಸ್, ಫರ್ ಮರ ಕಡಿದ ಮೇಲೆ ಉಳಿದದ್ದನ್ನು ಗುಡ್ಡೆ ಹಾಕಿ ಸುಡುತ್ತಾರೆ. ಅದಕ್ಕೆ ಅಲ್ಲಿನದೇ ಕಾರಣಗಳಿವೆ. ಒಂದು, ಆ ನೆಲ ವರ್ಷದಲ್ಲಿ ತಿಂಗಳುಗಟ್ಟಲೆ ಹೆಪ್ಪುಗಟ್ಟಿರುತ್ತದೆ. ಬೇಸಿಗೆ ಬಂದರೆ ಒಣ ಹವೆ. ಬಿದ್ದ ಟೊಂಗೆ ಕೊಳೆಯೋದೇ ಇಲ್ಲ ಅನ್ನುವಷ್ಟು ನಿಧಾನ. ದಪ್ಪ ತುಂಡುಗಳು ಎಷ್ಟೋ ದಶಕ ಹಾಗೇ ಬಿದ್ದಿರುತ್ತವೆ. ಎರಡು, ಆ ಮರಗಳ ಸೂಜಿ ಎಲೆ, ತೊಗಟೆ, ಕಟ್ಟಿಗೆ ಎಲ್ಲದರಲ್ಲೂ ರಾಳ ಇರುತ್ತದೆ. ಸಿಡಿಲಿನ ಒಂದು ಕಿಡಿ ಸಾಕು, ಕಾಡೇ ಹೊತ್ತಿಕೊಳ್ಳುತ್ತದೆ. ಮೂರನೇದು, ತೊಗಟೆ ದುಂಬಿ. ಇದು ಹಸಿ ಟೊಂಗೆ, ಹಸಿ ತುದಿಗಳ ತೊಗಟೆ ಕೆಳಗೆ ಮೊಟ್ಟೆ ಇಟ್ಟು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಆಮೇಲೆ ಪಕ್ಕದ ನಿಂತ ಮರಗಳಿಗೆ ಹೋಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಮರ ಕಡಿದವರೇ ಉಳಿಕೆಯಿಂದ ಬರುವ ಬೆಂಕಿಯ ಅಪಾಯ ತಗ್ಗಿಸಬೇಕು ಅಂತ ಕಾನೂನೇ ಇದೆ.

ಇನ್ನೊಂದು ವಿಷಯ ವಿಡಿಯೋದಲ್ಲಿ ಕಂಡಿರಲಿಕ್ಕಿಲ್ಲ. ಅಲ್ಲಿ ಸುಡೋದು ಬೇಸಿಗೆ ಮುಗಿದು ಮಳೆಗೆ ನೆಲ ತೊಯ್ದ ಮೇಲೆ ಇಲ್ಲವೇ ಸುತ್ತ ಹಿಮ ಬಿದ್ದಾಗ. ಗುಡ್ಡೆಯ ನಡುಭಾಗ ಒಣಗಿರಲಿ ಅಂತ ಮೊದಲೇ ಮೇಲೆ ಹೊದಿಕೆ ಹಾಕಿಟ್ಟಿರುತ್ತಾರೆ. ನೆಲ ಒದ್ದೆ, ಸುತ್ತ ಹಿಮ, ಗಾಳಿ ಕಡಿಮೆ. ನಮ್ಮಲ್ಲಿ ಬೆಂಕಿ ಹಚ್ಚೋದು ಮಾರ್ಚ್-ಏಪ್ರಿಲ್‌ನಲ್ಲಿ. ನೆಲ ಕಾದಿರುತ್ತದೆ, ಪಕ್ಕದ ಮಡ್ಡಿಯ ಹುಲ್ಲು ಒಣಗಿರುತ್ತದೆ, ಮಧ್ಯಾಹ್ನದ ಗಾಳಿ ಯಾವ ಕಡೆ ತಿರುಗುತ್ತದೋ ಹೇಳಲಿಕ್ಕಾಗದು. ಗದಗಿನ ಕಪ್ಪತಗುಡ್ಡದಲ್ಲಿ ಬೇಸಿಗೆ ಬಂದರೆ ಹುಲ್ಲಿಗೆ ಬೆಂಕಿ ಬೀಳೋದನ್ನು ನಮ್ಮ ಭಾಗದವರು ನೋಡುತ್ತಲೇ ಇದ್ದೇವೆ. ಹಿಮ ಇರುವ ಊರಿನ ಪದ್ಧತಿಯನ್ನು ಈ ಬಿಸಿಲಿಗೆ ತರೋದು ಸರಿಯಲ್ಲ.

ಪೈನ್‌ನಂಥ ಸೂಜಿ ಎಲೆ ಮರಗಳ (ಕೋನಿಫರ್) ಕಾಡಿರುವ ಎಲ್ಲ ದೇಶಗಳೂ ಸುಡುವುದಿಲ್ಲ. ಫಿನ್‌ಲ್ಯಾಂಡ್, ಸ್ವೀಡನ್‌ನಲ್ಲಿ ಉಳಿದ ತುದಿ-ಟೊಂಗೆ ಕೂಡಿಸಿ, ಪುಡಿ ಮಾಡಿ, ಊರಿನ ಮನೆಗಳಿಗೆ ಬಿಸಿನೀರು ಕೊಡುವ ಸ್ಥಾವರಗಳಿಗೆ ಒಯ್ಯುತ್ತಾರೆ. ಆದರೆ ಎಲ್ಲವನ್ನೂ ಬಾಚಿ ಒಯ್ಯಬಾರದು, ಒಂದು ಪಾಲು ಕಾಡಿನಲ್ಲೇ ಬಿಡಬೇಕು ಅನ್ನುವ ಸೂಚನೆ ಅಲ್ಲಿದೆ. ಎಷ್ಟೋ ಕಡೆ ಟೊಂಗೆಯನ್ನು ಬೇಸಿಗೆಯಲ್ಲಿ ಅಲ್ಲೇ ಒಣಗಲು ಬಿಡುತ್ತಾರೆ. ಸೂಜಿ ಎಲೆಗಳು ಉದುರಿ ನೆಲಕ್ಕೆ ಸೇರಿದ ಮೇಲೆ ಕಟ್ಟಿಗೆ ಒಯ್ಯುತ್ತಾರೆ. ನೀವು ಮಗನಿಗೆ ತೋರಿಸಬೇಕಾದ ವಿಡಿಯೋ ಇದು. ನಮ್ಮ ಹೊಲಕ್ಕೆ ಹೊಂದುವ ವಿಚಾರವೂ ಇದೇ. ಎಲೆ ನೆಲಕ್ಕೆ, ಕಟ್ಟಿಗೆ ಹೊರಗೆ.

ಯಾಕೆ ಎಲೆ ನೆಲಕ್ಕೆ? ಮರದ ಒಟ್ಟು ತೂಕದಲ್ಲಿ ಎಲೆ, ತೊಗಟೆ, ಸಣ್ಣ ಕಡ್ಡಿಗಳ ಪಾಲು ಕಡಿಮೆ. ಆದರೆ ಮರ ಇಷ್ಟು ವರ್ಷ ನಿಮ್ಮ ಮಣ್ಣಿನಿಂದ ಹೀರಿಕೊಂಡ ಸಾರದಲ್ಲಿ ಅವುಗಳ ಪಾಲು ತೂಕಕ್ಕೆ ಹೋಲಿಸಿದರೆ ತುಂಬಾ ಜಾಸ್ತಿ. ಸಾರಜನಕ, ರಂಜಕ ಎಲೆಯಲ್ಲಿ. ನೀಲಗಿರಿಯ ಸುಣ್ಣದಂಶ ಬಹಳಷ್ಟು ಸಿಪ್ಪೆಯಲ್ಲಿ. ಲಾರಿ ಹತ್ತಿ ಹೋದ ದಿಮ್ಮಿಯಲ್ಲಿ ಇರೋದು ಹೆಚ್ಚಾಗಿ ಇಂಗಾಲ. ಅಂದರೆ ಗುತ್ತಿಗೆದಾರರು ‘ಕಸ’ ಅಂತ ಬಿಟ್ಟು ಹೋದದ್ದೇ ಹೊಲದ ಆಸ್ತಿ. ಅದಕ್ಕೆ ಕಡ್ಡಿ ಗೀರುವುದು ಗೊಬ್ಬರದ ಚೀಲಗಳನ್ನು ಹೊಲದ ನಡುವೆ ಪೇರಿಸಿ ಸುಟ್ಟ ಹಾಗೆ.

‘ಬೂದಿನೂ ಗೊಬ್ಬರ ಅಲ್ವಾ’ ಅಂತ ಮಾವನವರು ಕೇಳಬಹುದು. ಅರ್ಧ ನಿಜ. ಬೂದಿಯಲ್ಲಿ ಪೊಟ್ಯಾಷ್, ಸುಣ್ಣ ಉಳಿಯುತ್ತವೆ. ಆದರೆ ಸಾರಜನಕ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಹೊಗೆಯಾಗಿ ಹೋಗಲು ಶುರುವಾಗುತ್ತದೆ. ಉರಿಯುವ ಗುಡ್ಡೆಯ ಬಿಸಿ ಅದಕ್ಕಿಂತ ಎಷ್ಟೋ ಮೇಲೆ. ಉಳಿದ ಬೂದಿಯೂ ಇಳಿಜಾರಿನ ಹೊಲದಲ್ಲಿ ನಿಲ್ಲಬೇಕಲ್ಲ? ಮುಂಗಾರಿಗೆ ಮೊದಲು ಬರುವ ಅಡ್ಡ ಮಳೆ ಒಂದು ಜೋರಾಗಿ ಹೊಡೆದರೆ ಬೂದಿ ಹಳ್ಳ ಸೇರುತ್ತದೆ.

ಗುಡ್ಡೆ ಸುಟ್ಟ ಜಾಗವನ್ನು ನೀವೂ ನೋಡಿರಬಹುದು. ಮೇಲೆ ಬೂದಿ, ಕೆದರಿದರೆ ಕೆಳಗೆ ಇಟ್ಟಿಗೆ ಬಣ್ಣಕ್ಕೆ ಬೆಂದ ಮಣ್ಣು. ಅದರ ಮೇಲೆ ನೀರು ಹಾಕಿ ನೋಡಿ. ಎಷ್ಟೋ ಸಲ ನೀರು ಒಳಗೆ ಇಳಿಯದೆ ಹನಿಹನಿಯಾಗಿ ಹೊರಳುತ್ತದೆ. ಸುಟ್ಟ ಎಲೆಯ ಎಣ್ಣೆ, ಮೇಣದಂಥ ಅಂಶ ಮಣ್ಣಿನ ಕಣಗಳಿಗೆ ಹತ್ತಿಕೊಂಡಿರುತ್ತದೆ, ಅದಕ್ಕೇ ಹೀಗೆ. ಎರೆಹುಳ, ಬೇರಿಗೆ ನೆರವಾಗುವ ಶಿಲೀಂಧ್ರ ಎಲ್ಲಾ ಅಲ್ಲಿ ಸತ್ತಿರುತ್ತವೆ. ಆ ಜಾಗ ಮತ್ತೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ಉಳಿಕೆ ಬಿಟ್ಟರೆ ಮುಂದಿನ ಬೆಳೆಗೆ ಲಾಭ ಇದೆಯಾ ಅನ್ನೋದನ್ನು ಬೇರೆ ದೇಶಗಳಲ್ಲಿ ವರ್ಷಗಟ್ಟಲೆ ಅಳೆದು ನೋಡಿದ್ದಾರೆ. 1990ರ ದಶಕದಲ್ಲಿ ಕಾಂಗೋ, ಬ್ರೆಜಿಲ್, ದಕ್ಷಿಣ ಆಫ್ರಿಕಾ, ನಮ್ಮ ಕೇರಳ, ಹೀಗೆ ಹಲವು ಕಡೆ ಒಂದೇ ಮಾದರಿಯ ಪ್ರಯೋಗ ಶುರುವಾಯಿತು. ಕಾಂಗೋದ ಬಡ ಮರಳು ಮಣ್ಣಿನಲ್ಲಿ ಫಲಿತಾಂಶ ಕಣ್ಣಿಗೆ ಹೊಡೆಯುವಂತಿತ್ತು. ಎಲೆ-ಟೊಂಗೆ ಪೂರ್ತಿ ಬಾಚಿ ತೆಗೆದ ಜಾಗದಲ್ಲಿ ಮುಂದಿನ ನೀಲಗಿರಿ ಕುಗ್ಗಿತು. ಹೆಚ್ಚುವರಿ ಉಳಿಕೆ ಹರಡಿದ ಜಾಗದಲ್ಲಿ ಚೆನ್ನಾಗಿ ಬಂತು. ಎಲ್ಲ ಮಣ್ಣಿನಲ್ಲೂ ಇಷ್ಟೊಂದು ವ್ಯತ್ಯಾಸ ಬರೋದಿಲ್ಲ. ಮಣ್ಣು ಬಡವಾದಷ್ಟೂ ಉಳಿಕೆಯ ಬೆಲೆ ಜಾಸ್ತಿ. ನಿಮ್ಮ ಮಸಾರಿ ಭೂಮಿ ಅದೇ ಸಾಲಿಗೆ ಸೇರುತ್ತದೆ. ನವಲಗುಂದ, ಗದಗ ಕಡೆಯ ಎರೆ (ಕಪ್ಪು ಮಣ್ಣಿನ) ಭೂಮಿಯಷ್ಟು ಸಾರ ಹಿಡಿದಿಟ್ಟುಕೊಳ್ಳುವ ಶಕ್ತಿ ಇದಕ್ಕಿಲ್ಲ.

ಈಗ ಕೆಲಸಕ್ಕೆ ಬರೋಣ.

ಬೆಂಕಿ ಪಟ್ಟಿ ಮೊದಲು ಅಂದೆ. ಉಳಿಕೆ ಬಿಡುವುದಾದರೆ ಮೊದಲ ಮಳೆ ಬೀಳುವ ತನಕ ಅದು ಅಪಾಯವೇ, ಅದನ್ನು ಮುಚ್ಚಿಡೋದಿಲ್ಲ. ನೀಲಗಿರಿ ಎಲೆಯಲ್ಲಿ ಎಣ್ಣೆ ಇದೆ. ಒಣಗಿದ ಎಲೆ ಸಮೇತ ಟೊಂಗೆ ಭಗ್ಗನೆ ಹತ್ತಿಕೊಳ್ಳುತ್ತದೆ. ಉದ್ದುದ್ದ ಸಿಪ್ಪೆ ಉರಿಯುತ್ತಲೇ ಗಾಳಿಗೆ ಹಾರಿ ದೂರ ಬೀಳುತ್ತದೆ. ಆದ್ದರಿಂದ ದಾರಿ ಇರುವ ಕಡೆ, ಪಕ್ಕದವರ ಹೊಲದ ಕಡೆ, ಮಡ್ಡಿ ಅಥವಾ ಅರಣ್ಯ ಇರುವ ಕಡೆ ಹದಿನೈದು ಅಡಿ ಅಗಲಕ್ಕೆ ಎಲ್ಲವನ್ನೂ ಒಳಗೆ ಎಳೆದು ಹಾಕಿ. ಆ ಪಟ್ಟಿಯ ಹುಲ್ಲು, ಎಲೆ ಕೆರೆದು ಬರೀ ಮಣ್ಣು ಕಾಣುವಂತೆ ಮಾಡಿ. ಟ್ರ್ಯಾಕ್ಟರ್ ಕುಂಟೆ ಒಂದು ಸುತ್ತು ಹೊಡೆದರೂ ನಡೀತದೆ. ದಾರಿ ಬದಿಯಲ್ಲಿ ಬೀಡಿ ಸೇದಿ ಎಸೆಯುವವರು ಇದ್ದೇ ಇರುತ್ತಾರೆ. ಆ ಕಡೆ ಪಟ್ಟಿ ಇನ್ನಷ್ಟು ಅಗಲ ಇರಲಿ. ಪಕ್ಕದ ಹೊಲದವರಿಗೆ ‘ನಮ್ಮಲ್ಲಿ ಒಣ ತಪ್ಪಲು ಬಿದ್ದಿದೆ, ನಿಮ್ಮ ಬದು ಸುಡುವಾಗ ಒಂದು ಮಾತು ಹೇಳಿ’ ಅಂತ ಮೊದಲೇ ಹೇಳಿಡಿ. ಹೊಲಕ್ಕೆ ಅರಣ್ಯ ತಾಗಿಕೊಂಡಿದ್ದರೆ ವಲಯ ಅರಣ್ಯ ಕಚೇರಿಗೂ ತಿಳಿಸಿ. ನಿಮ್ಮ ಹೊಲದ ಬೆಂಕಿ ಅಲ್ಲಿಗೆ ದಾಟಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಕೇಸು ಆಗುತ್ತದೆ.

ಆಮೇಲೆ ಬೇರ್ಪಡಿಸುವ ಕೆಲಸ. ಕುಡುಗೋಲು, ಕೊಡಲಿ ಹಿಡಿದ ಆಳುಗಳಿಗೆ ಹೊಲಕ್ಕೆ ಇಳಿಯುವ ಮೊದಲೇ ಅಳತೆ ತೋರಿಸಿ. ಒಂದು ಟೊಂಗೆ ಕೈಗೆತ್ತಿಕೊಳ್ಳಿ. ತುದಿಯಲ್ಲಿ ಎಲೆ ಸಮೇತ ಬೆರಳು ದಪ್ಪದ ಕಡ್ಡಿಗಳು ಇರುತ್ತವೆ. ಅವನ್ನು ಸವರಿ ಅಲ್ಲೇ ಬಿಡಿ. ಕೊಂಬೆಯ ನಡುಭಾಗ ಹೆಬ್ಬೆರಳಿಗಿಂತ ದಪ್ಪ, ಮಣಿಕಟ್ಟಿಗಿಂತ ಸಣ್ಣ. ಇದನ್ನು ಮೂರಡಿ ತುಂಡು ಮಾಡಿ ಸಾಲಿಗೆ ಹಾಕಿ. ಬುಡದ ಕಡೆಯ ದಪ್ಪ ಭಾಗ ಕಟ್ಟಿಗೆ. ನೀವು ಜನವರಿಯಲ್ಲಿ ಕಡಿಸಿದ್ದೀರಿ, ಹಾಗಾಗಿ ಎಲೆ ಈಗ ಕೈ ಹಾಕಿದರೆ ಉದುರುವಷ್ಟು ಒಣಗಿದೆ. ಟೊಂಗೆಯನ್ನು ನೆಲಕ್ಕೆ ಎರಡು ಸಲ ಬಡಿದರೆ ಅರ್ಧ ತಪ್ಪಲು ಅಲ್ಲೇ ಬೀಳುತ್ತದೆ. ಮೊಣಕಾಲು ಮಟ ಬಿದ್ದ ಕಡೆಯಿಂದ ಖಾಲಿ ಇರುವ ಕಡೆಗೆ ಫೋರ್ಕಿನಿಂದ ಎಳೆದು ಹರಡಿಸಿ. ಎಲ್ಲ ಕಡೆ ಪಾದ ಮುಚ್ಚುವಷ್ಟು ಇದ್ದರೆ ಸಾಕು. ನೆಲಕ್ಕೆ ತಾಗಿದ್ದು ಬೇಗ ಕೊಳೆಯುತ್ತದೆ. ಒಂದರ ಮೇಲೊಂದು ನಿಂತದ್ದು ಗಾಳಿಗೆ ಒಣಗಿ ಬೆಂಕಿಗೆ ಮೇವಾಗುತ್ತದೆ.

ಕಟ್ಟಿಗೆ ಮಾರುವುದಾದರೆ ಆತುರ ಬೇಡ. ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಬಿಸಿಲಿಗೆ ಎರಡು ತಿಂಗಳು ಅಡ್ಡತಿಡ್ಡ ಪೇರಿಸಿ ಒಣಗಿಸಿದರೆ ಚೆನ್ನಾಗಿ ಉರಿಯುತ್ತದೆ, ಹೊಗೆ ಕಡಿಮೆ. ಚುರುಮುರಿ ಭಟ್ಟಿಯವರು, ಇಟ್ಟಿಗೆ ಭಟ್ಟಿಯವರು, ಮದುವೆ ಅಡುಗೆಯವರು ಒಣ ಕಟ್ಟಿಗೆ ಕೇಳಿಕೊಂಡು ಬರುತ್ತಾರೆ. ಆದರೆ ಸಣ್ಣ ಟೊಂಗೆಯನ್ನು ಹಾಗೇ ಟ್ರೇಲರಿಗೆ ತುಂಬಿ ಮಾರಲು ಹೋಗಬೇಡಿ. ಟ್ರೇಲರ್ ತುಂಬಿದಂತೆ ಕಾಣುತ್ತದೆ, ತೂಕ ಹಾಕಿದರೆ ಏನೂ ಇರೋದಿಲ್ಲ. ಡೀಸೆಲ್ ಖರ್ಚೂ ಹುಟ್ಟೋದಿಲ್ಲ.

ಸಾಲಿನ ವಿಷಯ ಸ್ವಲ್ಪ ಎಚ್ಚರದಿಂದ ಮಾಡಬೇಕು. ಇಳಿಜಾರಿಗೆ ಅಡ್ಡಲಾಗಿ, ಒಡ್ಡಿನ ಹಾಗೆ, ಮೊಣಕಾಲಿಗಿಂತ ಕಡಿಮೆ ಎತ್ತರಕ್ಕೆ ಹಾಕಿ. ಮೇಲಿಂದ ಕೆಳಕ್ಕೆ ಸಾಲು ಹಾಕಿದರೆ ನೀರು ಅದರ ಬದಿ ಹಿಡಿದು ಕೊರಕಲು ಮಾಡುತ್ತದೆ. ಟೊಂಗೆ ಕಾಲಿನಿಂದ ತುಳಿದು ನೆಲಕ್ಕೆ ಕೂರಿಸಿ. ಅಡಿಯಲ್ಲಿ ಸಂದು ಉಳಿದರೆ ನೀರು ಅಲ್ಲೇ ನುಗ್ಗುತ್ತದೆ. ಮೇಲ್ಗಡೆ ಬದಿಗೆ ಒಂದಿಷ್ಟು ಸಿಪ್ಪೆ, ತಪ್ಪಲು ತುರುಕಿದರೆ ಹೂಳು ನಿಲ್ಲುತ್ತದೆ. ಐವತ್ತು ಅಡಿಗೊಮ್ಮೆ ಹತ್ತು ಅಡಿ ಖಾಲಿ ಬಿಡಿ. ಒಂದು ಕಡೆ ಬೆಂಕಿ ಬಿದ್ದರೂ ಉಳಿದದ್ದು ಬಚಾವ್, ಆಳು ಓಡಾಡಲೂ ದಾರಿ. ಮುಂದಿನ ಸಾಲಿನಲ್ಲಿ ಆ ಕಿಂಡಿ ಅದೇ ನೇರಕ್ಕೆ ಬರಬಾರದು. ಬೆರಳು ದಪ್ಪದ ಕಡ್ಡಿ ಒಂದೆರಡು ಮಳೆಗಾಲದಲ್ಲಿ ಮಣ್ಣು ಸೇರುತ್ತದೆ. ಸಾಲಿನ ದಪ್ಪ ತುಂಡುಗಳಿಗೆ ಇನ್ನೂ ಒಂದೆರಡು ವರ್ಷ ಬೇಕು. ಅಷ್ಟರಲ್ಲಿ ಅವುಗಳ ಹಿಂದೆ ಮಣ್ಣು ಕಟ್ಟಿಕೊಂಡಿರುತ್ತದೆ. ಆಗಸ್ಟ್ ತಿಂಗಳಲ್ಲಿ ಒಂದು ತುಂಡು ತಿರುವಿ ನೋಡಿ. ಅಡಿಯಲ್ಲಿ ಬಿಳೀ ದಾರದಂಥ ಶಿಲೀಂಧ್ರ ಹಬ್ಬಿದ್ದರೆ ಕೆಲಸ ಸರಿಯಾಗಿ ನಡೆದಿದೆ ಅಂತ ತಿಳಿಯಿರಿ.

ಕೂಳೆ ಬಿಡುವ ಎರಡೂವರೆ ಎಕರೆಯಲ್ಲಿ ಒಂದೇ ನಿಯಮ. ಬೊಡ್ಡೆಯ ಸುತ್ತ ಎರಡಡಿ ಏನೂ ಇರಬಾರದು. ಚಿಗುರು ಬರೋದು ಬೊಡ್ಡೆಯ ತೊಗಟೆ ಒಳಗಿನ ಮೊಗ್ಗಿನಿಂದ. ಮೇಲೆ ಟೊಂಗೆ ಬಿದ್ದಿದ್ದರೆ ಚಿಗುರು ಸೊಟ್ಟ ಬೆಳೆಯುತ್ತದೆ. ಬೆಂಕಿ ಬಿದ್ದರಂತೂ ಮೊಗ್ಗೇ ಬೇಯುತ್ತದೆ. ಮಾವನವರಿಗೆ ಇದೊಂದು ಮಾತು ಹೇಳಿ ನೋಡಿ: ಬೆಂಕಿ ಹಚ್ಚಿದರೆ ಕೂಳೆ ಆಸೆ ಬಿಡಬೇಕು. ಈಗಾಗಲೇ ಚಿಗುರು ಕಾಣಿಸಿಕೊಂಡಿರಬೇಕು, ಹಾಗಾಗಿ ಬೊಡ್ಡೆ ಬಿಡಿಸುವ ಕೆಲಸ ಮೊದಲು ಮುಗಿಸಿ. ಚಿಗುರು ಆಳೆತ್ತರ ದಾಟಿದ ಮೇಲೆ ಗಟ್ಟಿಯಾದ ಎರಡು ಉಳಿಸಿ, ಉಳಿದದ್ದು ಕೊಯ್ದು ಅಲ್ಲೇ ಹಾಕಿ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದೆ. ಆದ್ದರಿಂದ ಸತ್ತ ಬೊಡ್ಡೆಯ ಜಾಗಕ್ಕೆ ಮತ್ತೆ ನೀಲಗಿರಿ ಸಸಿ ತರಬೇಡಿ. ಅಲ್ಲಿ ಹೊಂಗೆ, ಬೇವು, ಹುಣಸೆ ಏನಾದರೂ ಬರಲಿ. ನಿಮ್ಮ ತಾಲೂಕಿನ ಕುಸನೂರಿನಲ್ಲೇ 1987ರ ನವೆಂಬರ್ 14ರಂದು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆದದ್ದು ಮಾವನವರಿಗೆ ನೆನಪಿರಬಹುದು. ಊರಿನ ಭೂಮಿಯಲ್ಲಿದ್ದ ನೀಲಗಿರಿ ಸಸಿ ಕಿತ್ತು ಜನ ತಮಗೆ ಬೇಕಾದ ಗಿಡ ಹಚ್ಚಿದರು. ನೀವು ಒಂದೂವರೆ ಎಕರೆಗೆ ಮಾವು ತರುತ್ತಿರೋದು ನನಗೆ ನಿಜವಾಗಿ ಖುಷಿ ಕೊಟ್ಟಿತು.

ಮಾವಿನ ಭಾಗಕ್ಕೆ ಲೆಕ್ಕ ಬೇರೆ. ಅಲ್ಲಿ ಬೊಡ್ಡೆ ಜೀವಂತ ಇರಬಾರದು. ಇದ್ದರೆ ಸಸಿಯ ನೀರು ಕುಡಿಯುತ್ತದೆ. ಪೂರ್ತಿ ಹೊಲಕ್ಕೆ ಜೆಸಿಬಿ ಬಿಟ್ಟು ಬೊಡ್ಡೆ ಕೀಳಿಸಿದರೆ ಮೇಲ್ಮಣ್ಣು ಸಡಿಲಾಗಿ ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ. ಗುಂಡಿ ಬರುವ ಕಡೆ ಮಾತ್ರ ಕೀಳಿಸಿ. ಉಳಿದ ಬೊಡ್ಡೆಗಳ ಚಿಗುರನ್ನು ಬಂದ ಹಾಗೆಲ್ಲ ಮುರಿಯುತ್ತಾ ಹೋದರೆ ಕ್ರಮೇಣ ಸೊರಗಿ ಸಾಯುತ್ತವೆ. ಮೂವತ್ತಮೂರು ಅಡಿ ಅಂತರಕ್ಕೆ ಹಾಕಿದರೆ ಎಕರೆಗೆ ನಲವತ್ತು ಗುಂಡಿ ಬರುತ್ತದೆ. ಗುಂಡಿಯೊಳಗೆ ನೀಲಗಿರಿ ತಪ್ಪಲು, ಕಡ್ಡಿ ಹಾಕಬೇಡಿ. ಹಸಿ ಕಟ್ಟಿಗೆ, ಕಡ್ಡಿ ಮಣ್ಣಿನೊಳಗೆ ಸೇರಿದರೆ ಅದನ್ನು ಕೊಳೆಸುವ ಜೀವಿಗಳು ಸುತ್ತಲಿನ ಸಾರಜನಕ ಎಳೆದುಕೊಳ್ಳುತ್ತವೆ. ಸಸಿ ಹಳದಿ ಆಗುತ್ತದೆ. ಇದೇ ಕಾರಣಕ್ಕೆ ರೋಟಾವೇಟರ್ ಹೊಡೆದು ಉಳಿಕೆಯನ್ನು ಮಣ್ಣಿಗೆ ಬೆರೆಸೋದೂ ಬೇಡ. ಮೇಲೆ ಹೊದಿಕೆಯಾಗಿ ಬಿದ್ದಿದ್ದರೆ ಈ ತೊಂದರೆ ಇಲ್ಲ.

ಹೊಸ ತಪ್ಪಲಿನ ರಸ ಬೇರೆ ಬೀಜ ಮೊಳೆಯಲು ಅಡ್ಡಿ ಮಾಡುತ್ತದೆ. ನಾಲ್ಕಾರು ಒಳ್ಳೇ ಮಳೆ ಬಿದ್ದು ತೊಳೆದ ಮೇಲೆ ಆ ಗುಣ ಕಡಿಮೆಯಾಗುತ್ತದೆ. ಆದ್ದರಿಂದ ರೋಹಿಣಿ ಮಳೆಗೇ ಬಿತ್ತಲು ಹೋಗಬೇಡಿ. ಜುಲೈ ತನಕ ತಡೆದು, ಸಾಲುಗಳ ನಡುವೆ ಅಲಸಂದಿ, ಹುರಳಿ ಅಥವಾ ಸೆಣಬು ಹಾಕಿ. ಇವು ಗಾಳಿಯ ಸಾರಜನಕ ಹಿಡಿಯುತ್ತವೆ, ಕಡ್ಡಿ ಕೊಳೆಯಲೂ ನೆರವಾಗುತ್ತವೆ. ಸಗಣಿ ರಾಡಿ ಇದ್ದರೆ ತಪ್ಪಲು ದಪ್ಪ ಇರುವ ಕಡೆ ಚಿಮುಕಿಸಿ.

ಗೆದ್ದಲು ಬರುತ್ತದಲ್ಲ ಅನ್ನೋ ಭಯ ಎಲ್ಲರಿಗೂ ಇದೆ. ಬರುತ್ತದೆ. ಒಣ ಕಟ್ಟಿಗೆಯನ್ನು ಮಣ್ಣು ಮಾಡುವವರಲ್ಲಿ ಅವೂ ಇವೆ. ಬಿದ್ದ ಕಟ್ಟಿಗೆ ತಿನ್ನುತ್ತಿರುವಾಗ ಅವುಗಳಿಂದ ಹೊಲಕ್ಕೆ ಉಪಕಾರವೇ. ತೊಂದರೆ ಆಗೋದು ಎಳೆ ಸಸಿಗೆ, ಅದೂ ನೀರು ಕಡಿಮೆಯಾಗಿ ಸೊರಗಿದ ಸಸಿಗೆ. ಮಾವಿನ ಸಸಿಯ ಸುತ್ತ ಮೂರಡಿ ಯಾವ ಕಡ್ಡಿಯೂ ಇರದಂತೆ ನೋಡಿಕೊಳ್ಳಿ. ಗುಂಡಿಗೆ ಬೇವಿನ ಹಿಂಡಿ ಹಾಕಿ. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ. ತೊಗಟೆ ದುಂಬಿ ಪೈನ್‌ಗೆ ಕೊಡುವಂಥ ಕಾಟ ನಿಮ್ಮ ಹೊಲದ ಉಳಿಕೆಯಿಂದ ಬರುವ ಪ್ರಶ್ನೆ ಇಲ್ಲ. ಸುಡಲು ಆ ಕಾರಣವೂ ಇಲ್ಲಿ ಉಳಿಯೋದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಮಾರಲಾಗದ ಗಂಟು-ಗಂಟಿನ ಕಟ್ಟಿಗೆ ಒಂದಿಷ್ಟು ಉಳಿಯುತ್ತದೆ. ಅದನ್ನು ಇದ್ದಿಲು ಮಾಡಿ. ಇದೊಂದೇ ಬೆಂಕಿಗೆ ನನ್ನ ಒಪ್ಪಿಗೆ ಇರೋದು, ಅದೂ ಒಂದೆರಡು ಮಳೆ ಬಿದ್ದು ನೆಲ ತಂಪಾದ ಮೇಲೆ, ಗಾಳಿ ಇಲ್ಲದ ಬೆಳಗಿನ ಹೊತ್ತು. ಮೇಲೆ ಐದು ಅಡಿ ಅಗಲ, ಕೆಳಗೆ ಕಿರಿದಾಗುವಂತೆ ಮೂರಡಿ ಆಳದ ಗುಂಡಿ ತೋಡಿಸಿ. ಅಡಿಯಲ್ಲಿ ಒಣ ಕಡ್ಡಿ ಹಾಕಿ ಹೊತ್ತಿಸಿ. ಚೆನ್ನಾಗಿ ಉರಿದು ಕಡ್ಡಿಯ ಮೇಲೆ ಬಿಳೀ ಬೂದಿ ಕಾಣುತ್ತಿದ್ದಂತೆ ಮುಂದಿನ ಪದರ ಹಾಕಿ. ಹೊಸ ಪದರದ ಉರಿ ಕೆಳಗಿನದಕ್ಕೆ ಗಾಳಿ ಸಿಗದಂತೆ ತಡೆಯುತ್ತದೆ. ಹಾಗಾಗಿ ಕೆಳಗಿನದು ಬೂದಿ ಆಗದೆ ಇದ್ದಿಲಾಗಿ ನಿಲ್ಲುತ್ತದೆ. ಆತುರದಿಂದ ಒಮ್ಮೆಲೇ ತುಂಬಿದರೆ ಹೊಗೆ ಏಳುತ್ತದೆ. ಹೊಗೆ ಕಂಡರೆ ಕೈ ತಡೆಯಿರಿ. ಗುಂಡಿ ತುಂಬಿದ ಮೇಲೆ ಕೊಡಗಟ್ಟಲೆ ನೀರು ಸುರಿದು ಪೂರ್ತಿ ಆರಿಸಿ. ಮರುದಿನ ಕೈಯಿಟ್ಟು ನೋಡಿ, ಬಿಸಿ ಇದ್ದರೆ ಮತ್ತೆ ನೀರು ಹಾಕಿ. ಆ ಇದ್ದಿಲನ್ನು ಕುಟ್ಟಿ, ಹಾಗೇ ಹೊಲಕ್ಕೆ ಹಾಕದೆ ತಿಪ್ಪೆಯಲ್ಲಿ ಸಗಣಿ, ಗಂಜಲದ ಜೊತೆ ಒಂದೆರಡು ತಿಂಗಳು ಬಿಡಿ. ಮಸಾರಿ ಮಣ್ಣಿಗೆ ಇದು ನೀರು, ಸಾರ ಎರಡನ್ನೂ ಹಿಡಿದುಕೊಡುತ್ತದೆ.

ಟೊಂಗೆ ಪುಡಿ ಮಾಡುವ ಚಿಪ್ಪರ್ ಯಂತ್ರ ತರಿಸಿ ಅಂತ ಯಾರಾದರೂ ಹೇಳಿದರೆ, ನಾಲ್ಕು ಎಕರೆಗೆ ಕೊಳ್ಳೋದಂತೂ ಬೇಡ. ಬಾಡಿಗೆಗೆ ಸಿಗುತ್ತದಾ ಅಂತ ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ. ಸಿಕ್ಕರೆ ಮಾವಿನ ಭಾಗದ ಟೊಂಗೆಗೆ ಮಾತ್ರ ಬಳಸಿ. ಟೊಂಗೆಗೆ ಹತ್ತಿದ ಮಣ್ಣು ಜಾಡಿಸಿ ಹಾಕಿ, ಇಲ್ಲದಿದ್ದರೆ ಬ್ಲೇಡು ಬೇಗ ಮೊಂಡಾಗುತ್ತದೆ. ಪುಡಿಯನ್ನು ಮೂರು ಇಂಚಿಗಿಂತ ದಪ್ಪ ಹರಡಬೇಡಿ.

ಇನ್ನು ಮುಂದಿನ ಕಟಾವಿನ ಮಾತು. ಈ ಸಲ ಇಷ್ಟು ಆಳು ಹಿಡಿಯುತ್ತಿರೋದು ಕಡಿಯುವಾಗ ಯಾರೂ ಯೋಚಿಸದೆ ಬಿಟ್ಟಿದ್ದಕ್ಕೆ. ಕೂಳೆ ಕಟಾವಿಗೆ ಬಂದಾಗ ಗುತ್ತಿಗೆ ಪತ್ರದಲ್ಲೇ ಬರೆಸಿ: ಸಿಪ್ಪೆ ಹೊಲದಲ್ಲೇ ಸುಲಿಯಬೇಕು, ತುದಿಯನ್ನು ಮೂರಡಿ ತುಂಡು ಮಾಡಿ ಹರಡಬೇಕು, ಬೊಡ್ಡೆ ಮೇಲೆ ಏನೂ ಬೀಳಬಾರದು, ಬೊಡ್ಡೆಯನ್ನು ನೆಲದಿಂದ ಅರ್ಧ ಅಡಿಗೆ ಓರೆಯಾಗಿ ಕೊಯ್ಯಬೇಕು, ಲಾರಿ ಒಂದೇ ದಾರಿಯಲ್ಲಿ ಓಡಾಡಬೇಕು. ಕೈಯಲ್ಲಿ ಗರಗಸ ಇರುವಾಗ ತುದಿ ತುಂಡು ಮಾಡಲು ಅವರಿಗೆ ಕ್ಷಣ ಸಾಕು. ಕೊನೆಯ ಲಾರಿ ಹೊರಡುವ ಮೊದಲು ನೀವೇ ಹೊಲ ಒಂದು ಸುತ್ತು ಹಾಕಿ, ಬರೆದದ್ದು ಆಗಿದೆಯಾ ನೋಡಿ, ಆಮೇಲೆ ಲಾರಿ ಬಿಡಿ.